‘ಆಯ್ತು’ ಎಂಬ ಒಂದೇ ಮಾತು ಆಕಾಶದಲ್ಲಿ ಸಾಲದು

ದಾವಣಗೆರೆಯಲ್ಲಿ ಯಾರಾದರೂ ಫೋನಿನಲ್ಲಿ ಮಾತಾಡುವುದನ್ನು ಎರಡು ನಿಮಿಷ ಕೇಳಿಸಿಕೊಳ್ಳಿ. ‘ಆಯ್ತು’ ಎಂಬ ಮಾತು ಹತ್ತು ಸಲವಾದರೂ ಬರುತ್ತದೆ. ಒಂದು ಆಯ್ತು ಎಂದರೆ ಕೇಳಿಸಿತು. ಇನ್ನೊಂದು ಎಂದರೆ ಒಪ್ಪಿದೆ. ಮತ್ತೊಂದು ಎಂದರೆ ಮಾಡುತ್ತೇನೆ, ಬೇರೊಂದು ಎಂದರೆ ಮಾಡಿ ಮುಗಿಸಿದೆ. ದನಿಯ ಏರಿಳಿತದಿಂದಲೇ ಯಾವ ಆಯ್ತು ಯಾವುದು ಎಂದು ನಮಗೆ ತಿಳಿದುಬಿಡುತ್ತದೆ. ವಿಮಾನದ ರೇಡಿಯೊದಲ್ಲಿ ಹಾಗಲ್ಲ. ಅಲ್ಲಿ ಈ ಅರ್ಥಗಳಿಗೆ ಬೇರೆ ಬೇರೆ ಮಾತುಗಳಿವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವಂತಿಲ್ಲ. ಪೈಲಟ್ ಆಗಲು ಹೊರಟ ಹುಡುಗ ಹುಡುಗಿಯರಿಗೆ ಕಲಿಸುವ ವಾಯುಯಾನದ ಇಂಗ್ಲಿಷ್‌ನ ತಿರುಳು ಇದು.

ದಾವಣಗೆರೆಗಾಗಲಿ ಹರಿಹರಕ್ಕಾಗಲಿ ವಿಮಾನ ನಿಲ್ದಾಣವಿಲ್ಲ. ವಿಮಾನ ಹತ್ತಬೇಕೆಂದರೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ಸೋಗಾನೆಗೋ ಹುಬ್ಬಳ್ಳಿಗೋ ಹೋಗಬೇಕು. ಹಾರಾಟ ಕಲಿಯಬೇಕೆಂದರೆ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ, ಇಲ್ಲವೇ ಕಲಬುರಗಿ, ಬೆಳಗಾವಿಗಳ ಖಾಸಗಿ ಶಾಲೆಗಳು. ಆದರೆ ಆ ಶಾಲೆಗಳು ಮೊದಲು ಕೇಳುವ ಭೌತಶಾಸ್ತ್ರ, ಗಣಿತ ಓದಿದ ಪಿಯುಸಿ ನಮ್ಮೂರಲ್ಲಿ ಧಾರಾಳವಾಗಿದೆ. ಹಾಸ್ಟೆಲ್‌ಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಇದ್ದುಕೊಂಡು ವಿಜ್ಞಾನ ಓದುವ ಹಳ್ಳಿಯ ಮಕ್ಕಳೇ ದಾವಣಗೆರೆಯ ಜೀವ. ಅವರಲ್ಲಿ ಯಾರಾದರೂ ‘ಪೈಲಟ್ ಆಗ್ತೀನಿ’ ಅಂದರೆ ಮನೆಯವರ ಮೊದಲ ಚಿಂತೆ ಹಣದ್ದು. ಅದು ನ್ಯಾಯವಾದ ಚಿಂತೆ, ಲಕ್ಷಗಟ್ಟಲೆ ಖರ್ಚಿನ ಓದು ಅದು. ಎರಡನೆಯ ಚಿಂತೆ ಇಂಗ್ಲಿಷಿನದು. ಈ ಎರಡನೆಯದರ ಸುತ್ತ ಬೆಳೆದುಕೊಂಡಿರುವ ನಂಬಿಕೆಗಳಲ್ಲಿ ಬಹುಪಾಲು ತಪ್ಪು. ಆ ತಪ್ಪಿನಿಂದಾಗಿ ಮಕ್ಕಳು ಅರ್ಜಿ ಹಾಕುವ ಮೊದಲೇ ಹಿಂದೆ ಸರಿಯುತ್ತಾರೆ ಎನ್ನುವುದೇ ನನ್ನ ಸಂಕಟ.

‘ಕಾನ್ವೆಂಟಿನಲ್ಲಿ ಓದಿದವರಿಗಷ್ಟೇ ಅದು ಸಾಧ್ಯ’

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, 2003ರಲ್ಲಿ ಭಾಷಾ ಸಾಮರ್ಥ್ಯದ ನಿಯಮಗಳನ್ನು ರೂಪಿಸಿತು. 2008ರ ಮಾರ್ಚ್‌ನಿಂದ ಅವು ಅನ್ವಯವಾಗಬೇಕಿತ್ತು. ಸಿದ್ಧವಾಗದ ದೇಶಗಳಿಗೆ 2011ರವರೆಗೆ ಕಾಲಾವಕಾಶ ಸಿಕ್ಕಿತು. ಆ ನಿಯಮಗಳಲ್ಲಿ ಆರು ಹಂತಗಳಿವೆ, ಅಂತರರಾಷ್ಟ್ರೀಯ ಹಾರಾಟಕ್ಕೆ ಬೇಕಾದ್ದು ನಾಲ್ಕನೆಯದು. ಆ ನಾಲ್ಕನೆಯ ಹಂತದ ವಿವರಣೆ ಓದಿದರೆ ಆಶ್ಚರ್ಯವಾಗುತ್ತದೆ. ಉಚ್ಚಾರಣೆಯ ಮೇಲೆ ಮಾತೃಭಾಷೆಯ ಪ್ರಭಾವ ಇರಬಹುದು, ಅರ್ಥವಾಗಲು ಅದು ಯಾವಾಗಲೋ ಒಮ್ಮೆ ಮಾತ್ರ ಅಡ್ಡಿಯಾಗಬೇಕು. ಅನಿರೀಕ್ಷಿತ ಸಂದರ್ಭದಲ್ಲಿ ವ್ಯಾಕರಣ ತಪ್ಪಬಹುದು, ಹೇಳುವ ವಿಷಯ ಮಾತ್ರ ಕೆಡಬಾರದು. ಪದ ಸಿಗದಿದ್ದರೆ ಬೇರೆ ಮಾತುಗಳಲ್ಲಿ ಬಿಡಿಸಿ ಹೇಳಲು ಬಂದರೆ ಸಾಕು.

ಪರೀಕ್ಷೆ ನಡೆಯುವುದು ಮಾತಾಡುವುದರಲ್ಲಿ ಮತ್ತು ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ. ಪ್ರಬಂಧ ಬರೆಯುವುದು, ಖಾಲಿ ಜಾಗ ತುಂಬುವುದು ಅಲ್ಲಿಲ್ಲ. ಉಚ್ಚಾರಣೆ, ವಾಕ್ಯರಚನೆ, ಶಬ್ದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಎಂಬ ಆರು ಅಂಶಗಳನ್ನು ಅಳೆಯುತ್ತಾರೆ. ಆರರಲ್ಲಿ ಅತಿ ಕಡಿಮೆ ಬಂದದ್ದೇ ಅಭ್ಯರ್ಥಿಯ ಒಟ್ಟು ಹಂತ. ನಮ್ಮ ಪರೀಕ್ಷೆಗಳ ಹಾಗೆ ಒಂದರಲ್ಲಿ ಕಮ್ಮಿ ಬಂದದ್ದನ್ನು ಇನ್ನೊಂದರ ಅಂಕ ತುಂಬಿಕೊಡುವುದಿಲ್ಲ. ಗಟಗಟನೆ ಇಂಗ್ಲಿಷ್ ಮಾತಾಡುವ, ಆದರೆ ಎದುರಿನವರ ಮಾತು ಅರ್ಥವಾಗದಿದ್ದಾಗ ಮತ್ತೆ ಕೇಳಲು ನಾಚಿಕೊಳ್ಳುವ ಹುಡುಗ ಸಂವಾದದಲ್ಲಿ ಸೋತು ಇಡೀ ಪರೀಕ್ಷೆಯಲ್ಲಿ ಸೋಲಬಹುದು. ತಡವರಿಸಿದರೂ ಧೈರ್ಯವಾಗಿ ಕೇಳಿ ಖಚಿತಮಾಡಿಕೊಳ್ಳುವ ಹುಡುಗಿ ಗೆಲ್ಲಬಹುದು.

ಕಸುಬಿನ ಇಂಗ್ಲಿಷಿಗೆ ಕಾನ್ವೆಂಟ್ ಬೇಕಿಲ್ಲ ಎಂಬುದನ್ನು ಹರಿಹರದವರಿಗೆ ತಿಳಿಸಲು ದೂರ ಹೋಗಬೇಕಿಲ್ಲ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಯಂತ್ರಾಪುರವನ್ನು ನೆನೆಯಿರಿ. ಅಲ್ಲಿ ತಯಾರಾಗುತ್ತಿದ್ದದ್ದು ಲೇತ್ ಯಂತ್ರಗಳು. ಚಕ್, ಟರೆಟ್, ಮೈಕ್ರೋಮೀಟರ್, ಟಾಲರೆನ್ಸ್ ಎಂಬ ಮಾತುಗಳ ನಡುವೆ ಬದುಕು ಕಳೆದವರ ಊರು ಅದು. ಒಂದು ಇಂಚಿನ ಸಾವಿರದಲ್ಲೊಂದು ಭಾಗವನ್ನು ‘ಥೌ’ ಎಂದು ಕರೆದು, ಎರಡು ಥೌ ಹೆಚ್ಚಾದರೆ ಕೆಲಸ ಕೆಟ್ಟಿತೆಂದು ತಿಳಿಯುವ ಕುಶಲಕರ್ಮಿ ಇಂಗ್ಲಿಷ್ ಕಾದಂಬರಿ ಓದಿದವನಾಗಿರಬೇಕಿಲ್ಲ. ತನ್ನ ಕಸುಬಿನ ಇಂಗ್ಲಿಷನ್ನು ಅವನು ಕಸುಬಿನ ಜೊತೆಗೇ ಕಲಿತ, ಒಂದೊಂದು ಮಾತಿಗೆ ಒಂದೇ ಅರ್ಥ ಎಂಬ ಶಿಸ್ತಿನಲ್ಲಿ ಕಲಿತ. ವಾಯುಯಾನದ ಇಂಗ್ಲಿಷಿನ ಮೊದಲ ಅರ್ಧ ಅದೇ ಜಾತಿಯದು.

‘ಅಮೆರಿಕದವರ ಹಾಗೆ ಮಾತಾಡಬೇಕು’

ಬೇಡ. ಆಲ್ಫಾ, ಬ್ರಾವೊ, ಚಾರ್ಲಿ ಎಂದು ಶುರುವಾಗುವ ಅಕ್ಷರಮಾಲೆಯೇ ಇದಕ್ಕೆ ಸಾಕ್ಷಿ. 1956ರಲ್ಲಿ ಜಾರಿಗೆ ಬಂದ ಈ ಮಾಲೆಯನ್ನು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮಾತೃಭಾಷೆಯವರಿಂದ ಹೇಳಿಸಿ, ಕೇಳಿಸಿ ಆರಿಸಿದರು. ಆಲ್ಫಾ ಎಂಬುದರ ಅಧಿಕೃತ ಕಾಗುಣಿತ ಇಂಗ್ಲಿಷರ ರೂಢಿಯದಲ್ಲ. ಜೂಲಿಯೆಟ್ ಎಂಬುದರ ಕೊನೆಗೆ ಒಂದು ‘ಟ’ಕಾರ ಹೆಚ್ಚಿಗೆ ಇಟ್ಟದ್ದು ಫ್ರೆಂಚರು ಅದನ್ನು ನುಂಗದಿರಲಿ ಎಂದು. ಅಂಕಿಗಳಲ್ಲೂ ಅಷ್ಟೆ. ಮೂರಕ್ಕೆ ಇಂಗ್ಲಿಷರು ನಾಲಗೆಯನ್ನು ಹಲ್ಲಿನ ನಡುವೆ ಚಾಚಿ ಹೇಳುವ ಸದ್ದನ್ನು ಐಕಾವೊ ಕೈಬಿಟ್ಟು ‘ಟ್ರೀ’ ಎಂದಿತು, ಸಾವಿರಕ್ಕೆ ‘ಟೌಸಂಡ್’ ಎಂದಿತು. ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’, ಏಕೆಂದರೆ ಕೊರಕೊರ ಎನ್ನುವ ರೇಡಿಯೊದಲ್ಲಿ ಫೈವ್ ಮತ್ತು ನೈನ್ ಒಂದೇ ಥರ ಕೇಳಿಸುತ್ತವೆ. ಶಾಲೆಯಲ್ಲಿ ‘ತ್ರೀ ಅನ್ನಬೇಡ, ಥ್ರೀ ಅನ್ನು’ ಎಂದು ಬೈಸಿಕೊಂಡ ಕನ್ನಡದ ಮಗುವಿಗೆ ವಿಮಾನದ ನಿಯಮ ಸ್ನೇಹಿತನಂತಿದೆ.

ಹಾಗೆಂದು ನಮ್ಮ ನಾಲಗೆಯಲ್ಲಿ ತಿದ್ದಬೇಕಾದ್ದೇ ಇಲ್ಲ ಎಂದಲ್ಲ. ತಿದ್ದುವ ಜಾಗ ಯಾವುದು ಎಂಬುದು ಮುಖ್ಯ. ನಮ್ಮ ಕಡೆ ಆಡುಮಾತಿನಲ್ಲಿ ‘ಹ’ಕಾರ ಜಾರಿಹೋಗುತ್ತದೆ, ಹಾಲು ಆಲಾಗುತ್ತದೆ. ಅದೇ ರೂಢಿಯಲ್ಲಿ ‘ಹೋಲ್ಡ್’ ಎಂಬ ಆದೇಶ, ಅಂದರೆ ಅಲ್ಲೇ ನಿಲ್ಲು ಎಂಬ ಆದೇಶ, ‘ಓಲ್ಡ್’ ಆಗುತ್ತದೆ. ಪದದ ಮೊದಲ ‘ಎ’ಕಾರಕ್ಕೆ ‘ಯ’ಕಾರ ಅಂಟಿ ಎಮರ್ಜೆನ್ಸಿ ‘ಯೆಮರ್ಜೆನ್ಸಿ’ ಆಗುತ್ತದೆ. ಪದದ ಕೊನೆಗೆ ಉಕಾರ ಸೇರಿಕೊಂಡು ಲೆಫ್ಟ್ ‘ಲೆಫ್ಟು’, ರೈಟ್ ‘ರೈಟು’. ಅಕ್ಷರಮಾಲೆಯ ಜುಲು ಎಂಬುದೂ ಜೂಲಿಯೆಟ್ ಎಂಬುದೂ ನಮ್ಮ ಬಾಯಲ್ಲಿ ಒಂದೇ ಜಕಾರದಿಂದ ಶುರುವಾಗುತ್ತವೆ. ಇವುಗಳಲ್ಲಿ ಕೊನೆಯ ಉಕಾರದಿಂದ ಯಾರಿಗೂ ಅಪಾಯವಿಲ್ಲ, ಬಿಟ್ಟುಬಿಡಿ. ಹಕಾರ ಮತ್ತು ಜಕಾರಗಳನ್ನು ಮಾತ್ರ ಕೂತು ಅಭ್ಯಾಸ ಮಾಡಿಸಬೇಕು. ವಾರದಲ್ಲಿ ಮುಗಿಯುವ ಕೆಲಸ ಅದು. ಒಳ್ಳೆಯ ಶಿಕ್ಷಕ ಇಡೀ ಉಚ್ಚಾರಣೆಯನ್ನು ಬದಲಿಸಲು ಹೋಗುವುದಿಲ್ಲ, ಅರ್ಥ ಕೆಡುವ ಐದಾರು ಜಾಗಗಳಿಗಷ್ಟೇ ಬೆರಳಿಡುತ್ತಾನೆ.

ವೇಗದ ಬಗ್ಗೆಯೂ ಒಂದು ಮಾತು. ಬೇಗ ಮಾತಾಡಿದರೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ನಮ್ಮಲ್ಲಿ ತಿಳಿಯುತ್ತಾರೆ. ರೇಡಿಯೊದಲ್ಲಿ ನಿಮಿಷಕ್ಕೆ 100 ಪದ ಮೀರಬಾರದು ಎಂಬುದು ಐಕಾವೊ ಸಲಹೆ. ಅದು ಸಾವಧಾನದ ಮಾತು, ನಮ್ಮ ಫೋನ್ ಮಾತಿನ ಓಟವಲ್ಲ.

ಫೋನ್ ಎಂದಕೂಡಲೇ ನೆನಪಾಗುವ ಇನ್ನೊಂದು ಚಟ ‘ಡಬಲ್’. ಮೊಬೈಲ್ ನಂಬರ್ ಹೇಳುವಾಗ ‘ಡಬಲ್ ಫೋರ್, ಟ್ರಿಪಲ್ ಫೈವ್’ ಅನ್ನದವರು ನಮ್ಮಲ್ಲಿ ಯಾರಿದ್ದಾರೆ? ಆಕಾಶದಲ್ಲಿ ಡಬಲ್ ಇಲ್ಲ. ತುರ್ತು ಸಂದರ್ಭದ ಸಂಕೇತ 7700 ಎಂಬುದನ್ನು ‘ಸೆವೆನ್ ಸೆವೆನ್ ಜೀರೊ ಜೀರೊ’ ಎಂದೇ ಹೇಳಬೇಕು. ಸೊನ್ನೆಯನ್ನು ‘ಓ’ ಅನ್ನುವಂತಿಲ್ಲ. ಇದನ್ನು ಬಿಡಿಸಲು ನನಗೆ ಗೊತ್ತಿರುವ ಸುಲಭ ಉಪಾಯವೆಂದರೆ ಇಂದಿನಿಂದಲೇ ಎಲ್ಲರ ಫೋನ್ ನಂಬರನ್ನೂ ಒಂದೊಂದೇ ಅಂಕಿಯಾಗಿ ಹೇಳುವುದು.

‘ರೋಜರ್ ಅಂದರೆ ಹೌದು’

ಸಿನಿಮಾ ಕಲಿಸಿದ ತಪ್ಪುಗಳಲ್ಲಿ ಇದೇ ದೊಡ್ಡದು. ರೋಜರ್ ಎಂದರೆ ‘ನೀವು ಈಗ ಹೇಳಿದ್ದು ಪೂರ್ತಿ ಕೇಳಿಸಿತು’ ಎಂದಷ್ಟೆ. ಒಪ್ಪಿದೆ ಎಂದಲ್ಲ, ಮಾಡುತ್ತೇನೆ ಎಂದೂ ಅಲ್ಲ. ಮಾಡುತ್ತೇನೆ ಎಂದು ಹೇಳಲು ‘ವಿಲ್ಕೊ’ ಇದೆ. ಹೌದು ಎನ್ನಲು ‘ಅಫರ್ಮ್’, ಇಲ್ಲ ಎನ್ನಲು ‘ನೆಗೆಟಿವ್’. ಕಾಯಿರಿ ಎನ್ನಲು ‘ಸ್ಟ್ಯಾಂಡ್‌ಬೈ’, ಅದು ಅನುಮತಿಯಲ್ಲ.

ಅಫರ್ಮ್ ಎಂಬ ಪದವೇ ಒಂದು ಪಾಠ. ಮೊದಲು ಅದು ಅಫರ್ಮೇಟಿವ್ ಆಗಿತ್ತು. ಮೈಕಿನ ಗುಂಡಿ ಒತ್ತುವ ಮೊದಲೇ ಮಾತು ಶುರುಮಾಡಿದರೆ ಪದದ ತಲೆ ಕತ್ತರಿಸಿಹೋಗುತ್ತದೆ. ಆಗ ಅಫರ್ಮೇಟಿವ್ ಮತ್ತು ನೆಗೆಟಿವ್ ಎರಡರಲ್ಲೂ ಉಳಿಯುವುದು ಒಂದೇ ಬಾಲ. ಹೌದೂ ಇಲ್ಲವೂ ಒಂದಾಗಿಬಿಡುವ ಅಪಾಯ. ನಮ್ಮ ‘ಹೂಂ’ ಮತ್ತು ‘ಊಹೂಂ’ಗಳ ನಡುವಿನ ಅಂತರವೂ ಇಷ್ಟೇ ಸಣ್ಣದು ಅಲ್ಲವೇ? ಕನ್ನಡ ಬಲ್ಲ ಮಗುವಿಗೆ ಈ ಉದಾಹರಣೆ ಕೊಟ್ಟರೆ ನಿಯಮ ಬಾಯಿಪಾಠವಾಗಬೇಕಿಲ್ಲ, ಅರ್ಥವಾಗಿಯೇ ಉಳಿಯುತ್ತದೆ.

1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರೀಫ್ ದ್ವೀಪದ ಲೋಸ್ ರೋಡಿಯೋಸ್ ನಿಲ್ದಾಣದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾದವು. ದಟ್ಟ ಮಂಜು. ರನ್‌ವೇಯ ಒಂದು ತುದಿಯಲ್ಲಿ ಡಚ್ಚರ ಕೆಎಲ್‌ಎಂ ವಿಮಾನ ಹಾರಲು ಸಿದ್ಧವಾಗಿ ನಿಂತಿತ್ತು, ಅಮೆರಿಕದ ಪ್ಯಾನ್‌ಆಮ್ ವಿಮಾನ ಅದೇ ರನ್‌ವೇ ಮೇಲೆ ನಿಧಾನವಾಗಿ ಬರುತ್ತಿತ್ತು. ಕೆಎಲ್‌ಎಂನ ಸಹಪೈಲಟ್ ರೇಡಿಯೊದಲ್ಲಿ ಹೇಳಿದ ಮಾತು ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ್ದು. ಹಾರಲು ಓಡುತ್ತಿದ್ದೇವೆ ಎಂಬುದು ಅವನ ಭಾವ. ಟೇಕಾಫ್ ಮಾಡುವ ಜಾಗದಲ್ಲಿ ಕಾಯುತ್ತಿದ್ದಾರೆ ಎಂದು ನಿಯಂತ್ರಕ ತಿಳಿದ. ತಿಳಿದು ‘ಓಕೆ’ ಎಂದ, ತುಸು ತಡೆದು ‘ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ’ ಎಂದೂ ಸೇರಿಸಿದ. ಅದೇ ಕ್ಷಣ ಪ್ಯಾನ್‌ಆಮ್‌ನವರು ‘ನಾವಿನ್ನೂ ರನ್‌ವೇ ಮೇಲೇ ಇದ್ದೇವೆ’ ಎಂದರು. ವಿಮಾನದ ರೇಡಿಯೊದಲ್ಲಿ ಇಬ್ಬರು ಏಕಕಾಲಕ್ಕೆ ಮಾತಾಡಿದರೆ ಇಬ್ಬರ ಮಾತೂ ಕೆಡುತ್ತದೆ. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸರಿಯಾಗಿ ಕೇಳಿಸಿದ್ದು ‘ಓಕೆ’ ಒಂದೇ, ಉಳಿದದ್ದು ಕೀರಲು ಸದ್ದಿನಲ್ಲಿ ಮುಳುಗಿತು. 583 ಜನ ಸತ್ತರು. ವಿಮಾನಯಾನದ ಅಪಘಾತಗಳಲ್ಲಿ ಅದಕ್ಕಿಂತ ದೊಡ್ಡದು ಇವತ್ತಿಗೂ ಇಲ್ಲ.

ಅಂದು ಆ ‘ಓಕೆ’ ಮಾಡಿದ್ದು ನಮ್ಮ ‘ಆಯ್ತು’ ದಿನವೂ ಮಾಡುವ ಕೆಲಸವನ್ನೇ. ಆಮೇಲೆ ನಿಯಮ ಬಿಗಿಯಾಯಿತು. ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿಯನ್ನು ಹಿಂದೆಗೆದುಕೊಳ್ಳುವಾಗ ಮಾತ್ರ ‘ಟೇಕಾಫ್’ ಎಂಬ ಪದ ಬಳಸಬೇಕು. ಉಳಿದ ಎಲ್ಲ ಕಡೆ ‘ಡಿಪಾರ್ಚರ್’.

ಇಲ್ಲಿ ಕನ್ನಡದ್ದೇ ಒಂದು ಗುಣವನ್ನು ಕಲಿಸುವವರು ಗಮನಿಸಬೇಕು. ಮನೆಯ ಹೊಸ್ತಿಲು ದಾಟುವ ಮೊದಲೇ ನಾವು ‘ಬಂದೆ, ಬಂದೆ’ ಅನ್ನುತ್ತೇವೆ. ಚಪ್ಪಲಿ ಹುಡುಕುತ್ತಿರುವಾಗಲೇ ‘ಹೊರಟ್ವಿ’. ಆಗಲಿರುವುದನ್ನು ಆಗಿಹೋದಂತೆ ಹೇಳುವುದು ನಮ್ಮ ಭಾಷೆಯ ಚೆಲುವು. ‘ರನ್‌ವೇ ವೆಕೇಟೆಡ್’ ಎಂಬುದನ್ನು ಆ ರೂಢಿಯಲ್ಲಿ ಹೇಳಿದರೆ ಏನಾದೀತು! ವಿಮಾನದ ಬಾಲದ ತುದಿಯೂ ಗೆರೆ ದಾಟಿದ ಮೇಲಷ್ಟೇ ಹೇಳಬೇಕಾದ ಮಾತು ಅದು. ರನ್‌ವೇ ಖಾಲಿಯಾಯಿತೆಂದು ನಂಬಿ ನಿಯಂತ್ರಕರು ಹಿಂದೆ ಬರುತ್ತಿರುವ ವಿಮಾನವನ್ನು ಇಳಿಸುತ್ತಾರೆ. ಇಂಗ್ಲಿಷಿನ ಕಾಲಸೂಚಕಗಳನ್ನು ವ್ಯಾಕರಣದ ಪುಸ್ತಕದಿಂದ ಕಲಿಸುವುದಕ್ಕಿಂತ ಈ ‘ಬಂದೆ ಬಂದೆ’ಯಿಂದ ಕಲಿಸುವುದು ಮೇಲು.

ಅಂದಹಾಗೆ ‘ಓವರ್ ಅಂಡ್ ಔಟ್’ ಎಂದು ಯಾವ ಪೈಲಟ್ಟೂ ಹೇಳುವುದಿಲ್ಲ. ಓವರ್ ಎಂದರೆ ನನ್ನ ಮಾತು ಮುಗಿಯಿತು, ಉತ್ತರ ಹೇಳಿ. ಔಟ್ ಎಂದರೆ ಸಂಭಾಷಣೆಯೇ ಮುಗಿಯಿತು, ಉತ್ತರ ಬೇಡ.

‘ಪದಪಟ್ಟಿ ಬಾಯಿಪಾಠವಾದರೆ ಸಾಕು’

ಮೇಲಿನದ್ದನ್ನೆಲ್ಲ ಓದಿದವರು ಸಹಜವಾಗಿ ಬರುವ ತೀರ್ಮಾನ ಇದು. ನಮ್ಮ ಟ್ಯೂಷನ್‌ಗಳ ಗಾಳಿ ಕುಡಿದು ಬೆಳೆದವರಂತೂ ಖಂಡಿತ ಬರುತ್ತಾರೆ. ಪ್ರಶ್ನೆಗೊಂದು ಉತ್ತರ, ಉತ್ತರಕ್ಕೊಂದು ಗೈಡು. ಗೊತ್ತಿರುವ ಸಂದರ್ಭಗಳಿಗೆ ಅದು ಸಾಕಾಗುತ್ತದೆ. ಆದರೆ ಕಷ್ಟ ಬರುವುದು ಗೊತ್ತಿಲ್ಲದ ಸಂದರ್ಭದಲ್ಲಿ. ರನ್‌ವೇಗೆ ನಾಯಿ ನುಗ್ಗಿದರೆ, ಹದ್ದು ಬಡಿದು ಗಾಜು ಸೀಳಿದರೆ, ಪ್ರಯಾಣಿಕರೊಬ್ಬರಿಗೆ ಎದೆನೋವು ಬಂದರೆ, ಎಡಗಡೆಯಿಂದ ಸುಟ್ಟ ವೈರಿನ ವಾಸನೆ ಬರುತ್ತಿದ್ದರೆ ಪಟ್ಟಿಯ ಮಾತು ಮುಗಿಯುತ್ತದೆ. ಅಲ್ಲಿಂದ ಮುಂದೆ ಸರಳ ಇಂಗ್ಲಿಷ್‌ನಲ್ಲಿ ಆದದ್ದನ್ನು ಆದ ಹಾಗೆ ಹೇಳಬೇಕು. ಐಕಾವೊದ ಆರು ಹಂತಗಳು ಅಳೆಯುವುದು ಮುಖ್ಯವಾಗಿ ಈ ಶಕ್ತಿಯನ್ನೇ.

1990ರ ಜನವರಿ 25ರ ರಾತ್ರಿ ಕೊಲಂಬಿಯಾದ ಏವಿಯಾಂಕಾ 52 ವಿಮಾನ ನ್ಯೂಯಾರ್ಕ್ ಬಳಿ ಇಂಧನ ಮುಗಿದು ಬಿತ್ತು. 158 ಜನರಲ್ಲಿ 73 ಮಂದಿ ಸತ್ತರು. ಹವಾಮಾನ ಕೆಟ್ಟಿದ್ದರಿಂದ ಅದನ್ನು ಒಂದು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲಿ ಸುತ್ತಿಸಿ ಕಾಯಿಸಿದ್ದರು. ಕ್ಯಾಪ್ಟನ್ ತನ್ನ ಭಾಷೆಯಲ್ಲಿ ಸಹಪೈಲಟ್‌ಗೆ ‘ತುರ್ತು ಪರಿಸ್ಥಿತಿ ಎಂದು ಹೇಳು’ ಎಂದ. ಸಹಪೈಲಟ್ ರೇಡಿಯೊದಲ್ಲಿ ಹೇಳಿದ್ದು ‘ಇಂಧನ ಮುಗಿಯುತ್ತಾ ಬಂದಿದೆ’ ಎಂದು. ಅದಕ್ಕೆ ಮೊದಲು ಕೇಳಿದ್ದು ‘ಪ್ರಯಾರಿಟಿ’, ಅಂದರೆ ಆದ್ಯತೆ. ಆ ರಾತ್ರಿ ಇಂಧನ ಕಡಿಮೆ ಇದ್ದ ವಿಮಾನ ಅದೊಂದೇ ಎಂದು ನಿಯಂತ್ರಕರಿಗೆ ಅನ್ನಿಸಲು ಕಾರಣವಿರಲಿಲ್ಲ. ಜೀವಾಪಾಯದ ಕರೆಯಾದ ‘ಮೇಡೇ’ಯನ್ನು ಮೂರು ಸಲ ಹೇಳಿದ್ದರೆ ದಾರಿ ಬಿಡಿಸಿಕೊಡುವುದು ಅವರ ಕರ್ತವ್ಯವಾಗುತ್ತಿತ್ತು. ಆ ಪದ ಸಹಪೈಲಟ್‌ಗೆ ಗೊತ್ತಿರಲಿಲ್ಲ ಎಂದಲ್ಲ, ಅದು ಬಾಯಿಗೆ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಯೋಚಿಸುವಾಗ ನನಗೆ ನಮ್ಮ ಮಕ್ಕಳೇ ಕಣ್ಣಮುಂದೆ ಬರುತ್ತಾರೆ. ದೊಡ್ಡವರ ಮುಂದೆ ಕಷ್ಟವನ್ನು ತಗ್ಗಿಸಿ ಹೇಳುವುದು ನಾವು ಕಲಿಸಿದ ಸಂಸ್ಕಾರ. ಜ್ವರದಿಂದ ನಡುಗುತ್ತಿದ್ದರೂ ‘ಸ್ವಲ್ಪ ಮೈ ಸರಿಯಿಲ್ಲ ಸರ್’. ಊಟ ಮಾಡದಿದ್ದರೂ ‘ಪರವಾಗಿಲ್ರೀ’. ಇದೇ ಸಂಸ್ಕಾರ ಕಾಕ್‌ಪಿಟ್‌ಗೂ ಹೋದರೆ ಜೀವ ತೆಗೆಯುತ್ತದೆ. ಆದ್ದರಿಂದ ವಾಯುಯಾನದ ಇಂಗ್ಲಿಷ್ ತರಗತಿಯಲ್ಲಿ ‘ಮೇಡೇ’ಯನ್ನು ಜೋರಾಗಿ, ಸಂಕೋಚವಿಲ್ಲದೆ, ಎಲ್ಲರ ಮುಂದೆ ಹೇಳಿಸಬೇಕು. ತಪ್ಪಿ ಹೇಳಿದರೂ ಬೈಗುಳವಿಲ್ಲ ಎಂಬ ಭರವಸೆ ಕೊಟ್ಟು ಹೇಳಿಸಬೇಕು. ರೇಡಿಯೊದಲ್ಲಿ ‘ಸರ್’, ‘ಪ್ಲೀಸ್’ಗಳ ಸರಮಾಲೆ ಬೇಡ ಎಂದು ನಿಯಮವೇ ಹೇಳುತ್ತದೆ. ಅದು ಸಮಯ ಉಳಿಸಲು. ಆದರೆ ನಮ್ಮ ಮಕ್ಕಳಿಗೆ ಅದರಿಂದ ಇನ್ನೊಂದು ಲಾಭವೂ ಇದೆ. ಆ ಎರಡು ಪದ ಬಿಟ್ಟ ಕೂಡಲೇ ದನಿ ನೇರವಾಗುತ್ತದೆ.

‘ಚರಖಿ ದಾದ್ರಿ ಅಪಘಾತ ಇಂಗ್ಲಿಷ್ ಬಾರದ್ದರಿಂದ ಆಯಿತು’

1996ರ ನವೆಂಬರ್ 12ರಂದು ದೆಹಲಿಯ ಪಶ್ಚಿಮಕ್ಕೆ ಹರಿಯಾಣದ ಚರಖಿ ದಾದ್ರಿಯ ಮೇಲೆ ಸೌದಿಯ ಬೋಯಿಂಗ್ 747, ಕಜಾಕಸ್ತಾನದ ಇಲ್ಯೂಷಿನ್ 76 ಡಿಕ್ಕಿಯಾಗಿ 349 ಜನ ಸತ್ತರು. ಭಾರತದಲ್ಲಿ ಆದ ಅತ್ಯಂತ ಭೀಕರ ವಿಮಾನ ಅಪಘಾತ. ಇಂಗ್ಲಿಷ್ ಪಾಠ ಮಾಡುವವರು ಇದನ್ನು ಮತ್ತೆ ಮತ್ತೆ ಉದಾಹರಿಸುತ್ತಾರೆ. ಅದು ಅರ್ಧ ಸತ್ಯ. 15,000 ಅಡಿಯಲ್ಲಿರಬೇಕಿದ್ದ ಕಜಾಕ್ ವಿಮಾನ ಅದಕ್ಕಿಂತ ಕೆಳಗಿಳಿದದ್ದೇ ಮೂಲಕಾರಣ ಎಂದು ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರ ತನಿಖೆ ಹೇಳಿತು. ಆ ಸಿಬ್ಬಂದಿಯ ಇಂಗ್ಲಿಷ್ ಸಾಲದ್ದು ಅದರ ಹಿಂದಿನ ಕಾರಣಗಳಲ್ಲಿ ಒಂದು. ಮಾತಾಡುತ್ತಿದ್ದ ರೇಡಿಯೊ ಆಪರೇಟರ್ ಬೇರೆ, ವಿಮಾನ ಹಾರಿಸುತ್ತಿದ್ದವರು ಬೇರೆ. ಎತ್ತರ ತಿಳಿಯಲು ಅವನು ಪೈಲಟ್‌ಗಳ ಹೆಗಲ ಮೇಲಿಂದ ಇಣುಕಬೇಕಿತ್ತು. ಬರುವ ಹೋಗುವ ವಿಮಾನಗಳಿಗೆಲ್ಲ ದೆಹಲಿಯಲ್ಲಿ ಆಗ ಒಂದೇ ದಾರಿ, ನಿಯಂತ್ರಕರ ರೇಡಾರ್‌ನಲ್ಲಿ ವಿಮಾನದ ಎತ್ತರ ಕಾಣುತ್ತಿರಲಿಲ್ಲ.

ಭಾಷೆಯನ್ನು ಕಲಿಸುವವರು ಭಾಷೆಯೊಂದನ್ನೇ ದೂರಬಾರದು. ಮಾತು ಕೇಳಿಸಿಕೊಂಡವನಿಗೂ ಮಾಪಕ ನೋಡುವವನಿಗೂ ನಡುವೆ ಕೊಂಡಿ ಇಲ್ಲದಿದ್ದರೆ ಎಂಥ ಇಂಗ್ಲಿಷೂ ಉಪಯೋಗಕ್ಕೆ ಬಾರದು. ಕೇಳಿದ ಕೂಡಲೇ ಕೈ ಮಾಪಕದತ್ತ, ಗುಂಡಿಯತ್ತ ಹೋಗುವಂತೆ ಪಾಠ ನಡೆಯಬೇಕು.

‘ಆಕಾಶದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯೇ ಇಲ್ಲ’

ಇದೆ. ನೆಲದ ಕೇಂದ್ರ ಬಳಸುವ ಭಾಷೆ ಅಥವಾ ಇಂಗ್ಲಿಷ್ ಎಂಬುದು ಐಕಾವೊ ನಿಯಮ. ಪ್ಯಾರಿಸ್‌ನಲ್ಲಿ ಫ್ರೆಂಚ್ ಪೈಲಟ್ಟು ಫ್ರೆಂಚಿನಲ್ಲೇ ಮಾತಾಡಬಹುದು. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಬಳಕೆಯ ಪ್ರಶ್ನೆ 1976ರಲ್ಲಿ ಪೈಲಟ್‌ಗಳ, ನಿಯಂತ್ರಕರ ಮುಷ್ಕರದವರೆಗೂ ಹೋಗಿತ್ತು. ಎರಡು ಭಾಷೆಗಳ ಬಳಕೆ ಸುರಕ್ಷಿತ ಎಂದು 1979ರಲ್ಲಿ ವಿಚಾರಣಾ ಆಯೋಗ ಹೇಳಿತು. ಭಾರತದಲ್ಲಿ ಕಲಿಯುವವರಿಗೆ ಇಂಗ್ಲಿಷ್ ಬೇಕೇ ಬೇಕು. ಆದರೆ ಅದು ಹೆಚ್ಚಿನ ಭಾಷೆಯೆಂದಲ್ಲ, ಎಲ್ಲರ ನಡುವಿನ ಒಪ್ಪಂದದ ಭಾಷೆಯೆಂದು ತಿಳಿದು ಕಲಿತರೆ ಹೆದರಿಕೆ ಕಮ್ಮಿಯಾಗುತ್ತದೆ. ಇಂಗ್ಲಿಷ್ ಮಾತೃಭಾಷೆಯವರಿಗೂ ಈ ಮೌಲ್ಯಮಾಪನ ಇದೆ, ತಮ್ಮೂರಿನ ನುಡಿಗಟ್ಟುಗಳನ್ನು ಬಿಟ್ಟು ಸರಳವಾಗಿ ಮಾತಾಡುವ ಹೊಣೆ ಅವರ ಮೇಲೂ ಇದೆ.

‘ಇದು ಮಾತಾಡಲು ಕಲಿಯುವ ಪಾಠ’

ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳಲು ಕಲಿಯುವ ಪಾಠ. ನಮ್ಮ ‘ಸ್ಪೋಕನ್ ಇಂಗ್ಲಿಷ್’ ತರಗತಿಗಳು ಈ ವಿಷಯದಲ್ಲಿ ಹಿಂದಿವೆ. ವಿದ್ಯಾರ್ಥಿ ವೇದಿಕೆ ಹತ್ತಿ ತನ್ನ ಪರಿಚಯ ಹೇಳಿಕೊಂಡರೆ ಕೋರ್ಸ್ ಗೆದ್ದಂತೆ. ಎಂಜಿನ್ ಸದ್ದಿನ ನಡುವೆ, ಒಂದೇ ತರಂಗದಲ್ಲಿ ನಾಲ್ಕು ವಿಮಾನಗಳು ಮಾತಾಡುತ್ತಿರುವಾಗ, ತನ್ನ ಕರೆಗುರುತನ್ನು ಹೆಕ್ಕಿ ತೆಗೆದು, ಹೇಳಿದ ದಿಕ್ಕು, ಎತ್ತರ, ಒತ್ತಡಗಳನ್ನು ನೆನಪಿನಲ್ಲಿಟ್ಟು, ತಿರುಗಿ ಹೇಳಬೇಕು. ಇದಕ್ಕೆ ‘ರೀಡ್‌ಬ್ಯಾಕ್’ ಎನ್ನುತ್ತಾರೆ. ಜಕ್ಕೂರಿನ ಮಗ್ಗುಲಲ್ಲೇ ಯಲಹಂಕದ ವಾಯುನೆಲೆ ಇದೆ. ಹಾಗಾಗಿ ಜಕ್ಕೂರಿನಲ್ಲಿ ಕಲಿಯುವವರಿಗೆ ಕಿವಿ ಚುರುಕಾಗಿರುವುದು ಮೊದಲ ದಿನದಿಂದಲೇ ಬೇಕು.

ರೀಡ್‌ಬ್ಯಾಕ್ ನಮಗೆ ಹೊಸದೇನಲ್ಲ. ಬೆಂಗಳೂರು ಹುಬ್ಬಳ್ಳಿ ಹಳಿಯ ಮೇಲೇ ಬೆಳೆದ ಊರುಗಳು ದಾವಣಗೆರೆ ಮತ್ತು ಹರಿಹರ. ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟಿನ ಮುಂದೆ ಕಾದು ಬೇಸತ್ತವರು ದಾವಣಗೆರೆಯಲ್ಲಿ ಲೆಕ್ಕವಿಲ್ಲದಷ್ಟು. ರೈಲು ಬಿಡಲು ಒಂದು ಸ್ಟೇಷನ್ ಮಾಸ್ಟರ್ ಇನ್ನೊಬ್ಬರಿಂದ ಫೋನಿನಲ್ಲಿ ಒಪ್ಪಿಗೆ ಪಡೆಯುವಾಗ, ಗೇಟು ಮುಚ್ಚಿದೆ ಎಂದು ಗೇಟ್‌ಮನ್ ಖಾತ್ರಿ ಕೊಡುವಾಗ, ‘ಪ್ರೈವೇಟ್ ನಂಬರ್’ ಎಂಬ ಅಂಕಿಯನ್ನು ಹೇಳಿ ಬರೆದಿಟ್ಟುಕೊಳ್ಳುವ ಪದ್ಧತಿ ರೈಲ್ವೆಯಲ್ಲಿದೆ. ಬರೀ ‘ಆಯ್ತು’ ಎಂದರೆ ಅಲ್ಲೂ ನಡೆಯುವುದಿಲ್ಲ.

ತಿರುಗಿ ಹೇಳುವುದಷ್ಟೇ ಅಲ್ಲ, ತಿರುಗಿ ಹೇಳಿದ್ದನ್ನು ಆಲಿಸುವುದೂ ಬೇಕು. 1989ರ ಫೆಬ್ರುವರಿ 19ರಂದು ಕೌಲಾಲಂಪುರಕ್ಕೆ ಬರುತ್ತಿದ್ದ ಫ್ಲೈಯಿಂಗ್ ಟೈಗರ್ ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು ಆದೇಶ ಬಂತು. ಅದನ್ನು ಹೇಳಿದ್ದು ‘ಟೂ ಫೋರ್ ಜೀರೊ ಜೀರೊ’ ಎಂದು. ಇಂಗ್ಲಿಷಿನಲ್ಲಿ ಎರಡು ಎಂಬ ಅಂಕಿಗೂ ‘ಇಷ್ಟಕ್ಕೆ’ ಎಂಬರ್ಥದ ಪದಕ್ಕೂ ಸದ್ದು ಒಂದೇ. ಪೈಲಟ್ ಅದನ್ನು ‘400 ಅಡಿಗೆ’ ಎಂದು ಕೇಳಿಸಿಕೊಂಡು, ಹಾಗೆಯೇ ತಿರುಗಿ ಹೇಳಿದ. ಯಾರೂ ತಿದ್ದಲಿಲ್ಲ. ವಿಮಾನ ಬೆಟ್ಟಕ್ಕೆ ಬಡಿದು ನಾಲ್ವರೂ ಸತ್ತರು. ಕಿವಿ ತಪ್ಪಿದ್ದು ಇಂಗ್ಲಿಷ್ ಮಾತೃಭಾಷೆಯಾಗಿದ್ದ ಅಮೆರಿಕದ ಸಿಬ್ಬಂದಿಯದು ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು.

ಅಭ್ಯಾಸಕ್ಕೆ ದುಬಾರಿ ಯಂತ್ರ ಬೇಡ. ಇಬ್ಬರು ಗೆಳೆಯರು ಬೇರೆ ಬೇರೆ ಕೋಣೆಯಲ್ಲಿ ಕೂತು ಫೋನಿನಲ್ಲಿ, ಪಕ್ಕದಲ್ಲಿ ಫ್ಯಾನೋ ಮಿಕ್ಸಿಯೋ ಓಡುತ್ತಿರಲಿ, ಒಂದು ದಿಕ್ಕು, ಒಂದು ಎತ್ತರ, ಒಂದು ತರಂಗಸಂಖ್ಯೆ ಹೇಳುವುದು, ಇನ್ನೊಬ್ಬ ಬರೆದುಕೊಂಡು ತಿರುಗಿ ಹೇಳುವುದು. ಹತ್ತರಲ್ಲಿ ಒಂದು ಸಲ ಬೇಕೆಂದೇ ತಪ್ಪು ತಿರುಗಿಸಿ, ಮೊದಲಿನವನು ಹಿಡಿಯುತ್ತಾನೋ ನೋಡುವುದು. ಕೇಳಿಸದಿದ್ದರೆ ‘ಸೇ ಅಗೇನ್’ ಎನ್ನುವುದು. ಮತ್ತೆ ಕೇಳುವುದು ನಾಚಿಕೆಯಲ್ಲ, ಅದು ಪೈಲಟ್‌ನ ಕೆಲಸದ ಭಾಗ.

‘ಇಂಗ್ಲಿಷ್ ಬರಬೇಕಾದರೆ ಕನ್ನಡ ಬಿಡಬೇಕು’

ಈ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ, ವೇಗ ಕಮ್ಮಿಯಾಗಿ ಮೂತಿ ಮೇಲೆತ್ತಿದರೆ ರೆಕ್ಕೆ ಯಾಕೆ ಹಿಡಿತ ಕಳೆದುಕೊಳ್ಳುತ್ತದೆ, ಒತ್ತಡ ಕಮ್ಮಿಯಾದರೆ ಎತ್ತರದ ಮಾಪಕ ಏಕೆ ತಪ್ಪು ತೋರಿಸುತ್ತದೆ, ಇವನ್ನೆಲ್ಲ ಕನ್ನಡದಲ್ಲಿ ಒಮ್ಮೆ ಸ್ಪಷ್ಟವಾಗಿ ತಿಳಿದುಕೊಂಡ ಹುಡುಗಿ ‘ಸ್ಟಾಲ್’ ಎಂಬ ಪದವನ್ನು ಎಂದೂ ಮರೆಯುವುದಿಲ್ಲ. ಅರ್ಥವಾಗದೆ ಇಂಗ್ಲಿಷಿನಲ್ಲಿ ಉರುಹೊಡೆದವಳು ಪ್ರಶ್ನೆ ತಿರುಚಿ ಕೇಳಿದರೆ ತೊದಲುತ್ತಾಳೆ. ವಿಷಯ ಕನ್ನಡದಲ್ಲಿ, ಸಂದೇಶ ಇಂಗ್ಲಿಷಿನಲ್ಲಿ ಎಂಬ ಕ್ರಮ ನನಗೆ ಸರಿಯೆನಿಸುತ್ತದೆ. ಮೊದಮೊದಲು ಹೀಗೆ ಸಾಗಿ, ಹಾರಾಟ ಶಾಲೆ ಸೇರುವ ಹೊತ್ತಿಗೆ ಕನ್ನಡದ ಊರುಗೋಲು ತಾನಾಗಿ ಬದಿಗೆ ಸರಿದಿರಬೇಕು. ಏಕೆಂದರೆ ಹಾರಾಟದ ಒಂದೊಂದು ಗಂಟೆಗೂ ದುಬಾರಿ ಬೆಲೆ ಇದೆ. ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆ ಹಾರಾಟ ಬೇಕು. ರೇಡಿಯೊ ಅರ್ಥವಾಗದೆ ಕಳೆದ ಗಂಟೆ ಅಪ್ಪನ ಹೊಲದ ಒಂದು ಚೂರು ಕಳೆದಂತೆ.

ಕಲಿಸುವವರು ಯಾರು ಎಂಬ ಪ್ರಶ್ನೆಯೂ ಇದಕ್ಕೇ ಸೇರಿದ್ದು. ಇಂಗ್ಲಿಷ್ ಎಂಎ ಮಾಡಿದವರೊಬ್ಬರಿಂದ ಆಗದು, ಅವರಿಗೆ ರನ್‌ವೇ ಗೊತ್ತಿಲ್ಲ. ಪೈಲಟ್ ಒಬ್ಬರಿಂದಲೂ ಆಗದು, ನಾಲಗೆ ಎಲ್ಲಿ ಎಡವುತ್ತದೆಂದು ಅವರಿಗೆ ತಿಳಿಯದು. ಐಕಾವೊ ಕೈಪಿಡಿಯೂ ಈ ಇಬ್ಬರು ಕೂಡಿ ಕೆಲಸ ಮಾಡಬೇಕೆನ್ನುತ್ತದೆ. ದಾವಣಗೆರೆಯಲ್ಲಿ ಭಾಷಾ ಶಿಕ್ಷಕರಿದ್ದಾರೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ವಾಯುಪಡೆಯಿಂದ, ವಿಮಾನಯಾನದಿಂದ ನಿವೃತ್ತರಾಗಿ ಊರಿಗೆ ಮರಳಿದವರು ಸಿಕ್ಕರೆ ತರಗತಿಗೆ ಬೇಕಾದ ಎರಡನೆಯ ಅರ್ಧವೂ ಸಿಕ್ಕಂತೆ.

‘ಒಮ್ಮೆ ಪಾಸಾದರೆ ಮುಗಿಯಿತು’

ನಾಲ್ಕನೆಯ ಹಂತದವರು ಮೂರು ವರ್ಷಕ್ಕೊಮ್ಮೆ, ಐದನೆಯವರು ಆರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕೆಂದು ಐಕಾವೊ ಶಿಫಾರಸು ಮಾಡುತ್ತದೆ. ಬಳಸದ ಭಾಷೆ ಸವೆಯುತ್ತದೆ. ಇದಲ್ಲದೆ ರೇಡಿಯೊ ಬಳಕೆಗೆ ‘ಆರ್‌ಟಿಆರ್’ ಎಂಬ ಬೇರೆಯೇ ಪರೀಕ್ಷೆ ಇದೆ, ಅದರಲ್ಲಿ ಬಾಯಿಂದ ಹೇಳಿಸುವ ಭಾಗ ಇದೆ. ಎರಡೂ ಒಂದೇ ಎಂದು ತಿಳಿಯಬೇಡಿ.

ದಾವಣಗೆರೆ, ಹರಿಹರಗಳ ಪಿಯು ಕಾಲೇಜುಗಳ ಇಂಗ್ಲಿಷ್ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ವಿಜ್ಞಾನ ವಿಭಾಗದ ಮಕ್ಕಳಲ್ಲಿ ಪೈಲಟ್ ಆಗುವ ಆಸೆ ಯಾರಿಗಿದೆ ಎಂದು ಒಮ್ಮೆ ತರಗತಿಯಲ್ಲಿ ಕೇಳಿ. ಕೈ ಎತ್ತಿದವರು ಇಬ್ಬರೇ ಇರಲಿ, ವಾರಕ್ಕೊಂದು ಗಂಟೆ ಅವರ ಜೊತೆ ಕೂತು ಆಲ್ಫಾದಿಂದ ಜುಲುವರೆಗೆ, ಜೀರೊದಿಂದ ನೈನರ್‌ವರೆಗೆ ಹೇಳಿಸಿ. ಹೇಳಿದ್ದನ್ನು ತಿರುಗಿ ಹೇಳಿಸಿ. ಈ ವರ್ಷವೇ ಶುರುಮಾಡಿ.